ಮನೆತನದ ಮರೆವು: ಒಂದು ರೋಗದ ಇತಿಹಾಸ

'ಅರವತ್ತಕ್ಕೆ ಅರಳುಮರಳು' ಎಂಬುದು ನಮ್ಮ ಹಿರಿಯರ ಮಾತು. ವಯಸ್ಸಾದ ಮೇಲೆ ಮರೆವು ಬರುವುದು ಸಹಜ, ಅದಕ್ಕಾಗಿ ಹೆಚ್ಚು ಮರುಗಬೇಕಾಗಿಲ್ಲ ಎಂಬ ಸಮಾಧಾನವೂ ಆ ಮಾತಿನಲ್ಲಿ ಅಡಗಿದೆ. ಆದರೆ ಅರವತ್ತಕ್ಕೂ ಮೊದಲೇ, ದುಡಿಯುವ ವಯಸ್ಸಿನಲ್ಲಿಯೇ ಕಾಣಿಸಿಕೊಂಡು, ಮೊದಲು ಸ್ವಭಾವವನ್ನೋ ಮಾತನ್ನೋ ಕೆಡಿಸಿ, ಕೆಲವು ಮನೆತನಗಳಲ್ಲಿ ತಂದೆಯಿಂದ ಮಗಳಿಗೆ, ತಾಯಿಯಿಂದ ಮಗನಿಗೆ ಇಳಿದುಬರುವ ರೋಗವೊಂದಿದೆ. ವೈದ್ಯರು ಅದನ್ನು ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಎಂದು ಕರೆಯುತ್ತಾರೆ. ಹಣೆಯ ಹಿಂದೆ ಮತ್ತು ಕಣತಲೆಯ ಒಳಬದಿಯಲ್ಲಿ ಇರುವ ಮೆದುಳಿನ ಭಾಗಗಳು ಸವೆಯುತ್ತ ಹೋಗುವ ರೋಗವಿದು.

ನಾನು ವೈದ್ಯಳಲ್ಲ. ಮೈಸೂರಿನಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎ. ಪದವಿ ಪಡೆದು, ಮದುವೆಯಾಗಿ ಅಮೆರಿಕಕ್ಕೆ ಬಂದ ಗೃಹಿಣಿ. ನಮ್ಮ ಕನ್ನಡ ಕೂಟದ ಹಿರಿಯ ಗೆಳತಿಯೊಬ್ಬರ ಪತಿಗೆ ಐವತ್ತಾರನೆಯ ವಯಸ್ಸಿನಲ್ಲಿ ಸಿಡುಕು, ಸಂಕೋಚವಿಲ್ಲದ ಮಾತು, ಬೇಡದ್ದನ್ನೆಲ್ಲ ಕೊಂಡು ತರುವ ಚಪಲ ಇವೆಲ್ಲ ತಲೆದೋರಿದವು. 'ನೆನಪು ಚೆನ್ನಾಗಿದೆ, ಆದ್ದರಿಂದ ಇದು ಡಿಮೆನ್ಷಿಯಾ ಅಲ್ಲ' ಎಂದು ಒಬ್ಬ ವೈದ್ಯರು ಹೇಳಿ ಕಳುಹಿಸಿದರು. ಮೂರು ವರ್ಷಗಳ ತರುವಾಯ ಮರೆವೂ ಬಂದು ಸೇರಿಕೊಂಡಾಗ, 'ನೆನಪು ಕೆಟ್ಟಿದೆ, ಆದ್ದರಿಂದ ಇದು ಆಲ್ಝೈಮರ್' ಎಂದು ಮತ್ತೊಬ್ಬರು ತೀರ್ಮಾನಿಸಿದರು. ಎರಡೂ ಸರಿಯಲ್ಲವೆಂದು ತಿಳಿದುದು ವಂಶವಾಹಿ ಪರೀಕ್ಷೆಯಾದ ಮೇಲೆ. ಓದು ಬಲ್ಲ ಇಬ್ಬರು ವೈದ್ಯರು ಹೀಗೆ ಎರಡು ದಿಕ್ಕಿಗೆ ಎಡವಿದ್ದೇಕೆ ಎಂದು ಯೋಚಿಸಿದಾಗ, ಅದರ ಮೂಲ ಇತಿಹಾಸದಲ್ಲಿದೆ ಎಂದು ನನಗೆ ತೋರಿತು. ಗೆಳತಿಯ ಒಪ್ಪಿಗೆ ಪಡೆದೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

1892ರಲ್ಲಿ ಪ್ರಾಗ್ ನಗರದ ಜರ್ಮನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆರ್ನಾಲ್ಡ್ ಪಿಕ್ ಎಂಬವರು 71 ವರ್ಷದ ರೋಗಿಯೊಬ್ಬನ ವಿವರವನ್ನು ಪ್ರಕಟಿಸಿದರು. ಆತನ ಭಾಷೆ ಕ್ರಮೇಣ ಕ್ಷೀಣಿಸುತ್ತ ಬಂದಿತ್ತು. ಮುಪ್ಪಿನಲ್ಲಿ ಮೆದುಳು ಎಲ್ಲೆಡೆ ಸಮನಾಗಿ ಕುಗ್ಗುತ್ತದೆ ಎಂಬುದು ಅಂದಿನ ನಂಬಿಕೆ. ಈ ರೋಗಿಯಲ್ಲಿಯಾದರೋ ಎಡ ಕಣತಲೆಯ ಭಾಗವೇ ಮುಖ್ಯವಾಗಿ ಸೊರಗಿತ್ತು. ಒಂಬತ್ತು ವರ್ಷಗಳ ಬಳಿಕ, 1901ರಲ್ಲಿ, ಫ್ರಾಂಕ್‌ಫರ್ಟ್ ಆಸ್ಪತ್ರೆಯಲ್ಲಿ ಅಲೋಯಿಸ್ ಆಲ್ಝೈಮರ್ ಅವರು ಆಗುಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆಯನ್ನು ಪರೀಕ್ಷಿಸಿದರು. ಆಕೆಯ ಮರೆವು ತೀವ್ರವಾಗಿತ್ತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಝೈಮರ್ ಮಾಡಿದ ಉಪನ್ಯಾಸ ಜಗತ್ಪ್ರಸಿದ್ಧವಾಯಿತು. ಪಿಕ್ ವರ್ಣಿಸಿದ ಬಗೆಯ ರೋಗದಲ್ಲಿ ಮೆದುಳಿನ ಜೀವಕೋಶಗಳೊಳಗೆ ಉಂಡೆಯಾಕಾರದ ವಸ್ತುಗಳಿರುವುದನ್ನು 1911ರಲ್ಲಿ ಸೂಕ್ಷ್ಮದರ್ಶಕದ ಮೂಲಕ ಕಂಡು ಬರೆದವರೂ ಇದೇ ಆಲ್ಝೈಮರ್ ಎಂಬುದು ಅಷ್ಟಾಗಿ ಜನಜನಿತವಲ್ಲ. 1920ರ ದಶಕದಲ್ಲಿ 'ಪಿಕ್ ರೋಗ' ಎಂಬ ಹೆಸರು ನೆಲೆಗೊಂಡಿತು.

ಅಲ್ಲಿಂದ ಮುಂದೆ, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ, ಮರೆವು ಆಲ್ಝೈಮರ್ ಪಾಲಿಗೆ ಹೋಯಿತು. ನಡತೆ ಮತ್ತು ಮಾತು ಪಿಕ್ ಪಾಲಿಗೆ ಬಂದವು. 1994ರಲ್ಲಿ ಸ್ವೀಡನ್ನಿನ ಲುಂಡ್ ಮತ್ತು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿದ್ವಾಂಸರು ಸೇರಿ ರೋಗನಿರ್ಣಯದ ಸೂತ್ರಗಳನ್ನು ರಚಿಸಿದರು. 2011ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಸೂತ್ರಗಳು ಹೇಳುವ ಆರು ಲಕ್ಷಣಗಳಲ್ಲಿ, ನೆನಪು ಹೋಲಿಕೆಯಲ್ಲಿ ಉಳಿದಿರುವುದು ಎಂಬುದೂ ಸೇರಿದೆ. ಈ ಸೂತ್ರಗಳಿಂದ ಎಷ್ಟೋ ರೋಗಿಗಳಿಗೆ ಉಪಕಾರವಾಗಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ 'ಹೋಲಿಕೆಯಲ್ಲಿ' ಎಂಬ ಪದವನ್ನು ಬಿಟ್ಟು ಓದಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಗೆಳತಿಯ ಮನೆಯೇ ಸಾಕ್ಷಿ.

ಇಷ್ಟಕ್ಕೂ ನೆನಪು ಎಂಬುದು ಒಂದೇ ವಸ್ತುವೇ? ನಿನ್ನೆ ಮನೆಗೆ ಯಾರು ಬಂದಿದ್ದರು ಎಂಬುದು ಒಂದು ಬಗೆಯ ನೆನಪು. ಸೌಟು ಎಂದರೆ ಏನು ಎಂಬುದು ಇನ್ನೊಂದು. ಮೊದಲನೆಯದನ್ನು ಘಟನಾಸ್ಮೃತಿ, ಎರಡನೆಯದನ್ನು ಅರ್ಥಸ್ಮೃತಿ ಎನ್ನಬಹುದು. ಕೆನಡದ ಮನಃಶಾಸ್ತ್ರಜ್ಞ ಎಂಡೆಲ್ ಟಲ್ವಿಂಗ್ 1972ರಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದರು. 1975ರಲ್ಲಿ ಲಂಡನ್ನಿನ ಎಲಿಜಬೆತ್ ವಾರಿಂಗ್ಟನ್ ಅವರು ಅರ್ಥಸ್ಮೃತಿಯೇ ಪ್ರಧಾನವಾಗಿ ನಶಿಸಿದ ಮೂವರು ರೋಗಿಗಳನ್ನು ವರ್ಣಿಸಿದರು. ಅದಕ್ಕೂ ಹಿಂದೆ, 1943ರಲ್ಲಿಯೇ, ಜಪಾನಿನ ಇಮುರಾ ಎಂಬ ವೈದ್ಯರು ಪದಗಳ ಅರ್ಥವೇ ಅಳಿಸಿಹೋಗುವ ಸ್ಥಿತಿಯೊಂದನ್ನು ಗುರುತಿಸಿ ಹೆಸರಿಟ್ಟಿದ್ದರು. ಇಂತಹ ರೋಗಿ ಅಡಿಗೆಮನೆಯಲ್ಲಿ ನಿಂತು, ಕೈಯಲ್ಲಿ ಸೌಟು ಹಿಡಿದೇ 'ಸೌಟು ಅಂದರೇನು?' ಎಂದು ಕೇಳಬಲ್ಲ. ಆದರೆ ಕಳೆದ ವಾರದ ಮದುವೆಯೂಟಕ್ಕೆ ಹೋಗಿಬಂದುದನ್ನು ಹೇಳಬಲ್ಲ. 'ನೆನಪು ಚೆನ್ನಾಗಿದೆ' ಎಂದು ಇವನ ಕಡತದಲ್ಲಿ ಬರೆದರೆ ಅದು ಅರ್ಧಸತ್ಯವಾದೀತು.

ಇನ್ನರ್ಧವನ್ನು ತಿಳಿಸಿಕೊಟ್ಟವರು ಪೀಳಿಗೆಯಿಂದ ಪೀಳಿಗೆಗೆ ಈ ರೋಗವನ್ನು ಹೊತ್ತು ಬಂದ ಕುಟುಂಬದವರು. 1939ರಲ್ಲಿ ನೆದರ್ಲೆಂಡ್ಸ್‌ನ ಸ್ಯಾಂಡರ್ಸ್, ಸ್ಕೆಂಕ್, ಫಾನ್ ಫೇನ್ ಎಂಬ ಮೂವರು ಒಂದು ಕುಟುಂಬದಲ್ಲಿ ಹರಡಿದ್ದ ಪಿಕ್ ರೋಗವನ್ನು ವರ್ಣಿಸಿದರು. ಸ್ಕೆಂಕ್ ಎರಡು ದಶಕಗಳ ಮೇಲೆ ಅದೇ ಮನೆತನವನ್ನು ಮತ್ತೆ ಪರಿಶೀಲಿಸಿ ಬರೆದರು. ರಾಜರ ವಂಶಾವಳಿಗಳನ್ನು ಕಂಠಪಾಠ ಮಾಡಿದ ನನಗೆ, ಸಾಮಾನ್ಯ ಜನರ ಇಂತಹ ವಂಶಾವಳಿ ಅವಕ್ಕಿಂತ ಮಹತ್ವದ ದಾಖಲೆಯೆನಿಸುತ್ತದೆ. 1994ರಲ್ಲಿ ಅಮೆರಿಕದ ಒಂದು ಕುಟುಂಬದಲ್ಲಿ ರೋಗದ ನೆಲೆ 17ನೆಯ ವರ್ಣತಂತುವಿನಲ್ಲಿದೆ ಎಂದು ಗೊತ್ತಾಯಿತು. 1996ರಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಸಂಶೋಧಕರು ಸಭೆ ಸೇರಿ, ಇಂತಹ ಹಲವು ಕುಟುಂಬಗಳ ವಿವರಗಳನ್ನು ಜೊತೆಗಿಟ್ಟು ನೋಡಿದರು. 1998ರಲ್ಲಿ ಟಾವ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷ ಪತ್ತೆಯಾಯಿತು.

ಆದರೆ ಒಂದು ಒಗಟು ಉಳಿಯಿತು. ಕೆಲವು ಕುಟುಂಬಗಳ ರೋಗವೂ 17ನೆಯ ವರ್ಣತಂತುವನ್ನೇ ಬೊಟ್ಟುಮಾಡುತ್ತಿತ್ತು. ಟಾವ್ ಮಾತ್ರ ನಿರ್ದೋಷಿ. 2006ರಲ್ಲಿ ಉತ್ತರ ದೊರೆಯಿತು: ಟಾವ್ ವಂಶವಾಹಿಯ ನೆರೆಯಲ್ಲಿಯೇ ಇರುವ ಪ್ರೋಗ್ರಾನುಲಿನ್ ಎಂಬ ಇನ್ನೊಂದು ವಂಶವಾಹಿ ದೋಷಿ! 2011ರಲ್ಲಿ 9ನೆಯ ವರ್ಣತಂತುವಿನ ಮೂರನೆಯ ವಂಶವಾಹಿ ಸಿಕ್ಕಿತು. ಅದರ ದೋಷದಿಂದ ಒಂದೇ ಮನೆಯಲ್ಲಿ ಅಣ್ಣನಿಗೆ ಬುದ್ಧಿಯ ರೋಗವೂ ತಂಗಿಗೆ ಕೈಕಾಲು ಸೋಲುವ ಎ.ಎಲ್.ಎಸ್. ರೋಗವೂ ಬರಬಹುದು. ಮೂರರಲ್ಲಿ ಯಾವುದೇ ಇರಲಿ, ದೋಷವಿರುವ ತಂದೆ ಅಥವಾ ತಾಯಿಯ ಪ್ರತಿ ಮಗುವಿಗೂ ಅದು ಬರುವ ಸಂಭವ ನೂರಕ್ಕೆ 50. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಟಾವ್ ದೋಷವಿರುವವರಲ್ಲಿ ರೋಗ ತೊಡಗುವ ಸರಾಸರಿ ವಯಸ್ಸು ಸುಮಾರು 50. ಮಿಕ್ಕ ಎರಡರಲ್ಲಿ 60ರ ಆಸುಪಾಸು.

ಈ ಕುಟುಂಬಗಳಲ್ಲಿ ನೆನಪು ಪಾಲುಪತ್ರದ ಪ್ರಕಾರ ನಡೆದುಕೊಳ್ಳಲಿಲ್ಲ. ಟಾವ್ ದೋಷವಿರುವವರಲ್ಲಿ ಕಣತಲೆಯ ಒಳಭಾಗ, ಅಂದರೆ ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಕೂಡ, ಬೇಗನೆ ಸವೆಯುತ್ತದೆ. ಅರ್ಥಸ್ಮೃತಿ, ಘಟನಾಸ್ಮೃತಿ ಎರಡಕ್ಕೂ ಪೆಟ್ಟು ಬೀಳುತ್ತದೆ. ಟಾವ್ ದೋಷಗಳಲ್ಲೇ ಒಂದು ಬಗೆ ಮರೆವಿನಿಂದಲೇ ಆರಂಭವಾಗಿ ನಿಧಾನವಾಗಿ ಸಾಗುತ್ತದೆ. ಆ ದೋಷವಿದ್ದ ಬೆಲ್ಜಿಯಂನ ಒಂದು ಕುಟುಂಬದ ರೋಗವು ಆಲ್ಝೈಮರ್‌ನಂತೆಯೇ ತೋರುತ್ತಿತ್ತೆಂದು 2003ರಲ್ಲಿ ವರದಿಯಾಯಿತು. ಪ್ರೋಗ್ರಾನುಲಿನ್ ಮನೆತನಗಳಲ್ಲಿ ಒಬ್ಬರಿಗೆ ಮಾತು ಸೋತರೆ ಇನ್ನೊಬ್ಬರಿಗೆ ನಡತೆ ಕೆಡುತ್ತದೆ, ಮತ್ತೊಬ್ಬರಿಗೆ ಮರೆವೇ ಮುಂದು; ದೋಷ ಮಾತ್ರ ಒಂದೇ. 2012ರಿಂದ ಯೂರೋಪ್ ಮತ್ತು ಕೆನಡದ ಕುಟುಂಬಗಳನ್ನು ವರ್ಷವರ್ಷವೂ ಪರೀಕ್ಷಿಸುತ್ತಿರುವ 'ಜೆನ್‌ಫಿ' ಎಂಬ ಅಧ್ಯಯನದಲ್ಲಿ, ರೋಗ ತೋರಿಕೊಂಡವರಲ್ಲಿ ಮೂರೂ ವಂಶವಾಹಿಗಳ ಗುಂಪುಗಳಲ್ಲಿ ಘಟನಾಸ್ಮೃತಿಯ ಕೊರತೆ ಕಂಡಿದೆ. ಮರೆವು ಬಂದಿತೆಂದು ಈ ರೋಗವನ್ನು ತಳ್ಳಿಹಾಕುವಂತಿಲ್ಲ. ರೋಗವನ್ನು ತಡೆದು ನಿಲ್ಲಿಸುವ ಔಷಧ ಇಂದಿಗೂ ದೊರೆತಿಲ್ಲವಾದ್ದರಿಂದ ಹೆಸರು ಯಾವುದಾದರೇನು ಎನ್ನುವವರಿದ್ದಾರೆ. ಮೂವತ್ತು ವರ್ಷ ಬಾಳಿದ ಗಂಡ ಇದ್ದಕ್ಕಿದ್ದಂತೆ ಕೆಟ್ಟವನಾದನೆಂದು ನಂಬಿ ಮೂರು ವರ್ಷ ಅತ್ತ ಹೆಂಡತಿಯ ಮುಂದೆ ಆ ಮಾತು ನಿಲ್ಲದು.

ಮೇಲಿನ ದಾಖಲೆಗಳೆಲ್ಲ ಸಾಧ್ಯವಾದುದು ಮನೆಯವರು ಬಾಯಿಬಿಟ್ಟುದರಿಂದ, ಸತ್ತವರ ಮೆದುಳನ್ನು ಪರೀಕ್ಷೆಗೆ ಒಪ್ಪಿಸಿದುದರಿಂದ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ 1995ರಿಂದ ಮೆದುಳಿನ ಸಂಗ್ರಹಾಲಯವಿದೆ. ಆದರೂ ನಮ್ಮ ವಂಶವೃಕ್ಷಗಳಲ್ಲಿ ಗೋತ್ರ ಸೂತ್ರಗಳಿಗೆ ಇರುವ ಜಾಗ ರೋಗರುಜಿನಗಳಿಗೆ ಇಲ್ಲ. 'ದೊಡ್ಡಪ್ಪನಿಗೆ ಕೊನೆಗಾಲದಲ್ಲಿ ತಲೆ ಸರಿ ಇರಲಿಲ್ಲ' ಎಂಬುದನ್ನು ಹೆಣ್ಣುಮಕ್ಕಳ ಮದುವೆಯಾಗುವವರೆಗೂ ಮುಚ್ಚಿಟ್ಟು, ಆಮೇಲೆ ಹೇಳಬಲ್ಲವರೇ ತೀರಿಹೋದ ಮನೆಗಳು ಎಷ್ಟಿಲ್ಲ? ಈ ದೇಶದಲ್ಲಿ ಆಸ್ಪತ್ರೆಗೆ ಹೋದಾಗಲೆಲ್ಲ ಅಜ್ಜ ಅಜ್ಜಿಯರ ಕಾಯಿಲೆಯ ವಿವರ ಕೇಳುವ ಕಾಗದ ಕೈಗೆ ಬರುತ್ತದೆ. ನನ್ನ ಗೆಳತಿ ಅದನ್ನು ತುಂಬಲು ಊರಿನಲ್ಲಿದ್ದ ತೊಂಬತ್ತು ದಾಟಿದ ಸೋದರತ್ತೆಗೆ ಫೋನು ಮಾಡಬೇಕಾಯಿತು. ಆಕೆಯೊಬ್ಬರಿಗೇ ಮೂರು ತಲೆಮಾರಿನ ಸಂಗತಿ ಗೊತ್ತಿತ್ತು.

ಈಗ ಆ ದಂಪತಿಗಳ ಇಬ್ಬರು ಮಕ್ಕಳ ಮುಂದೆ ಪರೀಕ್ಷೆಯ ಪ್ರಶ್ನೆ ನಿಂತಿದೆ. ಮಗಳು ಬೇಕೆನ್ನುತ್ತಾಳೆ, ಮಗ ಬೇಡವೆನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಅಮೆರಿಕದಲ್ಲಿ 2008ರ 'ಜೀನಾ' ಕಾಯಿದೆಯು ವಂಶವಾಹಿಯ ಕಾರಣದಿಂದ ಆರೋಗ್ಯ ವಿಮೆಯಲ್ಲಿಯೂ ಉದ್ಯೋಗದಲ್ಲಿಯೂ ಭೇದ ಮಾಡುವುದನ್ನು ನಿಷೇಧಿಸಿದೆ. ಜೀವವಿಮೆಗೂ ದೀರ್ಘಕಾಲದ ಆರೈಕೆಯ ವಿಮೆಗೂ ಆ ರಕ್ಷಣೆಯಿಲ್ಲ. ಕೆನಡದಲ್ಲಿ 2017ರ ಕಾಯಿದೆ ಇನ್ನೂ ವಿಸ್ತಾರವಾದುದು. ಅದನ್ನು 2020ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆದ್ದರಿಂದಲೇ ವಂಶವಾಹಿ ಸಲಹೆಗಾರರು ರಕ್ತ ತೆಗೆಯುವ ಮೊದಲು ವಿಮೆಯ ಕಾಗದಪತ್ರಗಳ ವಿಚಾರವನ್ನೂ ಎತ್ತುತ್ತಾರೆ.