ಬೈಲಿಗೆ ಬೋರ್ಡ್ ಇದೆ, ಅವರಿಗೆ?

ವೀಕ್ಷಕರೇ, ಟಿಪ್ಪು ಬಗ್ಗೆ ಎಷ್ಟು ಡಿಬೇಟ್ ನಡೆಸಿದ್ದೀನಿ ಅನ್ನೋ ಲೆಕ್ಕ ನನಗೇ ತಪ್ಪಿಹೋಗಿದೆ. ಟಿಪ್ಪು ಜಯಂತಿ ಸರ್ಕಾರಿ ಕಾರ್ಯಕ್ರಮವಾಗಿದ್ದ ವರ್ಷಗಳಲ್ಲಂತೂ ನವೆಂಬರ್ ಬಂತು ಅಂದ್ರೆ ಅದೇ ಕೆಲಸ. ಎಡಗಡೆ ಇಬ್ಬರು, ಬಲಗಡೆ ಇಬ್ಬರು, ಮಧ್ಯೆ ನಾನು. ಪ್ರಶ್ನೆಯೂ ಒಂದೇ: ಹೀರೋನಾ, ವಿಲನ್ನಾ? ಎಂಜಿನಿಯರಿಂಗ್ ಓದಿದವನು ನಾನು. ಸೊನ್ನೆ ಅಥವಾ ಒಂದು, ಇಷ್ಟರಲ್ಲೇ ಜಗತ್ತು ಮುಗಿಯುತ್ತೆ ಅಂತ ನಂಬೋದು ನಮಗೆ ಸುಲಭ.

ಆ ನಂಬಿಕೆ ಅಲುಗಾಡಿದ್ದು ಶ್ರೀರಂಗಪಟ್ಟಣದಲ್ಲಿ. ನಾನು ಕೆ.ಆರ್. ಪೇಟೆ ಕಡೆಯವನು. ನಮಗೆ ಹೈಸ್ಕೂಲ್ ಪ್ರವಾಸ ಅಂದ್ರೆ ಪಟ್ಟಣವೇ. ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಕೊನೆಗೆ ಸಂಗಮದಲ್ಲಿ ಕೂತು ಪುಳಿಯೋಗರೆ. ಹಾಗಾಗಿ ಊರೆಲ್ಲಾ ಗೊತ್ತು ಅಂದುಕೊಂಡಿದ್ದೆ. ಒಂದು ಭಾನುವಾರ ಗಂಜಾಂನ ಹಳೇ ಚರ್ಚಿನ ಮುಂದೆ ಮಂಗಳೂರಿನಿಂದ ಬಂದ ಯಾತ್ರೆಯ ಬಸ್ಸೊಂದು ನಿಂತಿತ್ತು. ನಲವತ್ತು ಜನರಿದ್ದಿರಬಹುದು. ಒಬ್ಬರು ಅಜ್ಜಿ ನನ್ನ ಗುರುತು ಹಿಡಿದರು.

"ನೀವು ಟಿವಿಯಲ್ಲಿ ಬೊಬ್ಬೆ ಹಾಕುವವರಲ್ವಾ ಮಾರಾಯ್ರೆ? ನಿಮಗೆ ಗೊತ್ತುಂಟಾ, ನಮ್ಮವರನ್ನು ತಂದು ಇಟ್ಟದ್ದು ಇಲ್ಲಿ ಯಾವ ಜಾಗದಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಕೇಳಿದ್ದು 1784ರ ಕಥೆ. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಮಂಗಳೂರು ಬ್ರಿಟಿಷರ ಕೈಗೆ ಹೋಗಿ, ಮತ್ತೆ ಟಿಪ್ಪು ವಶಕ್ಕೆ ಬಂತು. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಶತ್ರುಗಳಿಗೆ ನೆರವಾದರು ಅನ್ನೋದು ಟಿಪ್ಪುವಿನ ಆರೋಪ. ಶಿಕ್ಷೆ ಮಾತ್ರ ಇಡೀ ಸಮುದಾಯಕ್ಕೆ. ಆ ವರ್ಷದ ಬೂದಿ ಬುಧವಾರದ ಹೊತ್ತಿಗೆ ಅವರನ್ನು ಸೆರೆಹಿಡಿದರು ಅನ್ನೋದು ಸಮುದಾಯದ ನೆನಪು. ಮಿಲಾಗ್ರಿಸ್ ಸೇರಿದಂತೆ ಹಲವು ಚರ್ಚುಗಳು ನೆಲಸಮವಾದವು. ಮುದುಕರು, ಬಸುರಿಯರು, ಮಕ್ಕಳು ಎಲ್ಲರೂ ಘಟ್ಟ ಹತ್ತಿ ಶ್ರೀರಂಗಪಟ್ಟಣದವರೆಗೆ ನಡೆದರು. ಎಷ್ಟು ಜನ? ಅರವತ್ತು ಸಾವಿರ ಎನ್ನುವ ದಾಖಲೆಗಳಿವೆ. ಇಲ್ಲೇ ಸೆರೆಯಲ್ಲಿದ್ದ ಜೇಮ್ಸ್ ಸ್ಕರ್ರಿ ಎಂಬ ಇಂಗ್ಲಿಷ್ ಹುಡುಗ ಬರೆದಿಟ್ಟ ಪುಸ್ತಕದಲ್ಲಿ ಮೂವತ್ತು ಸಾವಿರ. ಕಡಿಮೆ ಲೆಕ್ಕವನ್ನೇ ಹಿಡಿಯಿರಿ, ಅದೂ ಒಂದು ಊರಿನಷ್ಟು ಜನ. ದಾರಿಯಲ್ಲೇ ಎಷ್ಟೋ ಮಂದಿ ಸತ್ತರು. ಬಂದವರಲ್ಲಿ ಅನೇಕರನ್ನು ಬಲವಂತವಾಗಿ ಮತಾಂತರಿಸಿ, ಗಂಡಸರನ್ನು ಪಡೆಗೆ ಸೇರಿಸಿದರು. 1799ರ ಮೇ 4ರಂದು ಟಿಪ್ಪು ಕೋಟೆಯಲ್ಲಿ ಹೋರಾಡುತ್ತಾ ಸತ್ತ ಮೇಲೆ, ಹದಿನೈದು ವರ್ಷದ ನಂತರ, ಉಳಿದವರಿಗೆ ಬಿಡುಗಡೆ.

ಇಲ್ಲಿಗೆ ನಿಲ್ಲಿಸಿದರೆ ಬಲಗಡೆ ಕೂತವರು ಚಪ್ಪಾಳೆ ಹೊಡೀತಾರೆ. ಆದರೆ ಪಕ್ಕದ ಪಾಂಡವಪುರಕ್ಕೆ ಬನ್ನಿ. ಅದರ ಹಳೇ ಹೆಸರು ಫ್ರೆಂಚ್ ರಾಕ್ಸ್. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಪಡೆಯವರು ಬಿಡಾರ ಹೂಡಿದ್ದರಿಂದ ಬಂದ ಹೆಸರದು. ಅವರಲ್ಲೂ ಕ್ಯಾಥೊಲಿಕರಿದ್ದರು. ಒಂದೇ ದೇವರಿಗೆ ಮೊಣಕಾಲೂರುವವರು ಅಲ್ಲಿ ಮಿತ್ರರು, ಕೆಲವೇ ಮೈಲಿ ಆಚೆ ಸೆರೆಯಾಳುಗಳು. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ನೆರವು ಕಳಿಸಿದವನೂ ಇದೇ ಟಿಪ್ಪು. ಈಗ ಎಡಗಡೆಯವರ ಚಪ್ಪಾಳೆ. ಆದರೆ ಶೃಂಗೇರಿಗೆ ಹೋದ ಕಾಣಿಕೆಯಿಂದ ಘಟ್ಟದಲ್ಲಿ ಸತ್ತ ಮಗು ಎದ್ದು ಬರಲ್ಲ. ಆ ಮಗುವಿನ ಸಾವು ಶೃಂಗೇರಿಯ ಪತ್ರಗಳನ್ನು ಅಳಿಸಿಹಾಕೋದೂ ಇಲ್ಲ. ಎರಡೂ ನಡೆದದ್ದೇ.

ಅಜ್ಜಿ ನಿಂತಿದ್ದ ಚರ್ಚಿಗೆ ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಯ ನಂಟಿದೆ. ಕೋಟೆ ಬಿದ್ದ ಮೇಲೆ, ಚೆದುರಿದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಅವರು. ನಮ್ಮವರಂತೆಯೇ ಬಟ್ಟೆ ತೊಟ್ಟರು, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದರು. 1823ರಲ್ಲಿ ಪ್ಯಾರಿಸ್‌ಗೆ ಹಿಂತಿರುಗಿದರು. ಹಾಗಂತ ಪಟ್ಟಣದಲ್ಲಿ ಶಿಲುಬೆಯ ಕಥೆ ಶುರುವಾಗಿದ್ದು ಅವರಿಂದಲ್ಲ. ಅದಕ್ಕೂ ಒಂದೂವರೆ ಶತಮಾನ ಮೊದಲೇ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಟಲಿಯ ಲಿಯೊನಾರ್ಡೊ ಚಿನ್ನಮಿ ಎಂಬ ಜೆಸ್ಯೂಟ್ ಪಾದ್ರಿ ಇಲ್ಲಿಗೆ ಬಂದು ಕನ್ನಡ ಕಲಿತಿದ್ದರು.

ಇದನ್ನೆಲ್ಲಾ ಓದಿಕೊಂಡದ್ದು ಆಮೇಲೆ. ಅವತ್ತು ಅಜ್ಜಿ ಹೇಳಿದ ಇನ್ನೊಂದು ಮಾತು ನನ್ನನ್ನು ಬಿಡಲಿಲ್ಲ. "ಚರ್ಚಿನವರ ಜೊತೆ ರೋಮಿಗೆ ಹೋಗಿದ್ದೆ. ನೆಲದಡಿ ಎರಡು ಸಾವಿರ ವರ್ಷದ ಹಿಂದಿನವರ ಸಮಾಧಿ ತೋರಿಸಿದ್ರು. ಕಲ್ಲಿನಲ್ಲಿ ಹೆಸರು ಕೂಡ ಉಂಟು. ಇಲ್ಲಿ ಇನ್ನೂರು ವರ್ಷದ ಹಿಂದಿನವರದ್ದು ಒಂದು ಕಲ್ಲೂ ಇಲ್ಲ."

ಸಂಜೆ ಊರೆಲ್ಲಾ ಸುತ್ತಿದೆ. ಕರ್ನಲ್ ಬೈಲಿ ಡಂಜನ್ ಇದೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೋತು ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಬೈಲಿ ಹೆಸರಿನ ಸೆರೆಮನೆ. ಗುಂಬಜ್ ಆವರಣದಲ್ಲಿ ಅವನ ಸ್ಮಾರಕವೂ ಇದೆ. ಕೋಟೆ ಒಡೆದ ಜಾಗದಲ್ಲಿ ಬ್ರಿಟಿಷ್ ಸೈನಿಕರಿಗೆ ಕಲ್ಲುಕಂಬ ಇದೆ. ಗ್ಯಾರಿಸನ್ ಸ್ಮಶಾನದಲ್ಲಿ ಯುರೋಪಿನವರ ಗೋರಿಗಳಿವೆ. ಟಿಪ್ಪು ಸತ್ತುಬಿದ್ದ ಜಾಗಕ್ಕೂ ಕಲ್ಲಿದೆ. ಇರಲಿ, ಇರಲೇಬೇಕು. ಆದರೆ ಕರಾವಳಿಯಿಂದ ನಡೆದು ಬಂದ ಆ ಸಾವಿರಾರು ಜನರಿಗೆ, ನಾನು ಸುತ್ತಿದ ಕಡೆಯಲ್ಲೆಲ್ಲೂ ಒಂದು ಬೋರ್ಡ್ ಕಾಣಲಿಲ್ಲ.

ಬೋರ್ಡ್ ಹಾಕಿದ್ರೆ ಗಲಾಟೆ ಆಗುತ್ತೆ ಅಂತಾರೆ ಕೆಲವರು. ಬೈಲಿ ಬೋರ್ಡ್ ಓದಿ ಯಾರು ಯಾರ ಮನೆಗೆ ಕಲ್ಲು ಹೊಡೆದಿದ್ದಾರೆ ಹೇಳಿ? ಗಲಾಟೆ ಆಗೋದು ನಮ್ಮ ಸ್ಟುಡಿಯೋದಲ್ಲಿ. ಆ ಸತ್ತವರ ಸಂಖ್ಯೆಯನ್ನು ಒಬ್ಬರು ಕಲ್ಲಿನಂತೆ ಬೀಸ್ತಾರೆ, ಇನ್ನೊಬ್ಬರು ಇಲ್ಲವೇ ಇಲ್ಲ ಅಂತಾರೆ. ಇಬ್ಬರ ಮಧ್ಯೆ ಕೂತು ಟಿಆರ್‌ಪಿ ಎಣಿಸಿದವನು ನಾನು. ಆ ತಪ್ಪು ನನ್ನದು.

ಅಷ್ಟು ದೂರದಿಂದ ಬಂದ ಅಜ್ಜಿ ತೀರ್ಪು ಕೇಳಲಿಲ್ಲ, ಯಾರನ್ನೂ ಬೈಯಲಿಲ್ಲ. ಜಾಗ ಕೇಳಿದರು, ಮೇಣದಬತ್ತಿ ಹಚ್ಚೋಕೆ. ಜಾಗ ಸಿಗದೆ ಅದನ್ನು ಚರ್ಚಿನ ಮೆಟ್ಟಿಲ ಮೇಲೆ ಹಚ್ಚಿಟ್ಟು ಬಸ್ ಹತ್ತಿದರು. ಮುಂದಿನ ನವೆಂಬರ್‌ನಲ್ಲಿ ಪ್ಯಾನಲ್ ಕೂತಾಗ ನನ್ನ ಮೊದಲ ಪ್ರಶ್ನೆ ಅವರದ್ದೇ: ಅವರನ್ನು ಇಟ್ಟಿದ್ದ ಜಾಗ ಯಾವುದು? ಅಲ್ಲಿಗೆ ಬೋರ್ಡ್ ಯಾವಾಗ?