ರಸ್ತೆ ಕಾಮಗಾರಿಗೆ ತೆಂಗಿನ ನಾರಿನ ಭೂವಸ್ತ್ರ: ಗುಣಮಟ್ಟ ಪ್ರಮಾಣೀಕರಣದ ಕುರಿತು ರೈತರಿಗೆ ಮಾಹಿತಿ

ತೆಂಗಿನ ನಾರಿನ ಹುರಿಯನ್ನು ಬಲೆಯಂತೆ ನೇಯ್ದು, ಮಣ್ಣಿನ ಮೇಲೆ ಅಥವಾ ಮಣ್ಣಿನ ಪದರಗಳ ನಡುವೆ ಹಾಸುವ ಬಟ್ಟೆಯನ್ನು ಭಾರತೀಯ ಮಾನಕಗಳು ‘ಕಾಯರ್ ಭೂವಸ್ತ್ರ’ ಎಂದು ಕರೆಯುತ್ತವೆ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಕೃಷಿಕರಿಗೆ ಈ ವಿಷಯ ಎರಡು ಬಗೆಯಲ್ಲಿ ಸಂಬಂಧಿಸುತ್ತದೆ. ಬಚ್ಚಲ ಒಲೆಗೆ ಹೋಗುತ್ತಿರುವ ತೆಂಗಿನ ಸಿಪ್ಪೆಗೆ ಇದೊಂದು ಮಾರುಕಟ್ಟೆ. ಅದಕ್ಕಿಂತ ಮುಖ್ಯವಾಗಿ, ರಸ್ತೆಯ ಏರಿಯ ಕೆಳಗೆ ಅಡಿಕೆ ತೋಟವುಳ್ಳವರಿಗೆ ಏರಿಯ ಮಣ್ಣು ತೋಟದ ಕಪ್ಪಿಗೆ (ಬಸಿಗಾಲುವೆಗೆ) ಇಳಿಯದಂತೆ ತಡೆಯುವ ಒಂದು ಉಪಾಯ.

ಈ ಭಾಗದ ಮುರಕಲ್ಲಿನ ಪದರದಡಿ ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಗಟ್ಟಿಯಾಗಿ ಕಾಣುವ ಈ ಮಣ್ಣು ನೀರು ಕುಡಿದೊಡನೆ ಬಲ ಕಳೆದುಕೊಳ್ಳುತ್ತದೆ, ಸುಲಭವಾಗಿ ಕೊಚ್ಚಿಹೋಗುತ್ತದೆ. ವಾರ್ಷಿಕ ಸುಮಾರು 4,000 ಮಿ.ಮೀ. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವಲ್ಲಿ, ಹೊಸದಾಗಿ ಕಡಿದ ಇಳಿಜಾರಿಗೆ ಹುಲ್ಲು ಹಿಡಿಯುವವರೆಗೆ ರಕ್ಷಣೆ ಬೇಕು. ಭೂವಸ್ತ್ರ ಕೊಡುವುದು ಆ ರಕ್ಷಣೆಯನ್ನು ಮಾತ್ರ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಸಂಭವಿಸಿದಂತಹ ಆಳವಾದ ಕುಸಿತವನ್ನು ಯಾವ ನಾರಿನ ಬಲೆಯೂ ತಡೆಯಲಾರದು. ಹಾಗೆಂದು ಭರವಸೆ ನೀಡುವ ಮಾರಾಟಗಾರರನ್ನು ನಂಬಬಾರದು.

ಮಾನಕಗಳು ಮತ್ತು ಅವುಗಳ ವ್ಯಾಪ್ತಿ

ಬಟ್ಟೆಯ ಗುಣವನ್ನು ನಿಗದಿಪಡಿಸುವ ಮಾನಕ ಐಎಸ್ 15869. ಇದು 2008ರಲ್ಲಿ ಪ್ರಕಟಗೊಂಡು 2020ರಲ್ಲಿ ಪರಿಷ್ಕೃತವಾಗಿದೆ. ಪರೀಕ್ಷಾ ವಿಧಾನಗಳು ಐಎಸ್ 15868ರ ಆರು ಭಾಗಗಳಲ್ಲಿವೆ: ಚದರ ಮೀಟರಿನ ತೂಕ, ದಪ್ಪ, ಉಬ್ಬುವಿಕೆ, ನೀರು ಹೀರುವಿಕೆ, ಹೊಗೆಯಾಡುತ್ತ ಉರಿಯುವಿಕೆಗೆ ಪ್ರತಿರೋಧ ಹಾಗೂ ಕಣ್ಣಿನ ಅಳತೆ. ಕಚ್ಚಾ ರಸ್ತೆಗಳಲ್ಲಿನ ಬಳಕೆಗೆ ಐಎಸ್ 15871, ರಸ್ತೆ ಮತ್ತು ರೈಲು ಏರಿಗಳು ಹಾಗೂ ಗುಡ್ಡದ ಇಳಿಜಾರುಗಳಲ್ಲಿ ಮಳೆಯ ಸವೆತ ತಡೆಗೆ ಐಎಸ್ 15872 ಇವೆ. ಕೊನೆಯ ಎರಡೂ ಬಳಕೆಯ ಮಾರ್ಗಸೂಚಿಗಳು. ಅವುಗಳ ಹೆಸರಿನಲ್ಲಿ ಬಟ್ಟೆ ಪ್ರಮಾಣಿತವಾಗಿದೆ ಎಂದು ದರಪಟ್ಟಿಯಲ್ಲಿ ಬರೆದಿದ್ದರೆ ಆ ಮಾತಿಗೆ ಅರ್ಥವಿಲ್ಲ.

ಪರೀಕ್ಷಾ ವರದಿ ಬೇರೆ, ಪರವಾನಗಿ ಬೇರೆ. ಪ್ರಯೋಗಾಲಯದ ವರದಿ ಅಲ್ಲಿಗೆ ಕಳುಹಿಸಿದ ತುಂಡಿಗೆ ಮಾತ್ರ ಸಾಕ್ಷಿ. ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ತಯಾರಕನಿಗೆ ದೊರೆತ ಪರವಾನಗಿ; ಇದರಲ್ಲಿ ಕಾರ್ಖಾನೆಯ ತಪಾಸಣೆಯೂ ಮಾರುಕಟ್ಟೆಯಿಂದ ಮಾದರಿ ಎತ್ತುವ ಕ್ರಮವೂ ಸೇರಿದೆ. ಗುರುತಿನೊಂದಿಗೆ ಮುದ್ರಿತವಾಗಿರುವ ಸಿಎಂ/ಎಲ್ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ನಮೂದಿಸಿದರೆ ಪರವಾನಗಿ ಯಾರದ್ದು, ಯಾವ ಮಾನಕಕ್ಕೆ, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಜವಳಿ ಸಚಿವಾಲಯವು 19 ಬಗೆಯ ಭೂ-ಜವಳಿಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. ಘಟಕ ತೆರೆಯುವ ಮುನ್ನ ತಮ್ಮ ಉತ್ಪನ್ನಕ್ಕೆ ಅನ್ವಯಿಸುವ ಚಾಲ್ತಿ ಆದೇಶವನ್ನು ಬ್ಯೂರೋದ ಬೆಂಗಳೂರು ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಬಟ್ಟೆ ಸೋಲುವುದು ಎಲ್ಲಿ?

ಪ್ರಮಾಣೀಕರಣ ಬಟ್ಟೆಗೆ ದೊರೆಯುತ್ತದೆ. ಆದರೆ ಅದರ ಗುಣ ನಿರ್ಧಾರವಾಗುವುದು ಸಿಪ್ಪೆಯ ರಾಶಿಯಲ್ಲಿ. ಬಲಿತ ಕಾಯಿಯ ಸಿಪ್ಪೆಗೆ ಬೊಂಡದ ಸಿಪ್ಪೆಯನ್ನು ಬೆರೆಸಿದರೆ ಹುರಿ ದುರ್ಬಲವಾಗುತ್ತದೆ. ಮಳೆಗಾಲದಲ್ಲಿ ಬಯಲಿನಲ್ಲಿ ರಾಶಿ ಹಾಕಿದ ಸಿಪ್ಪೆ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ನಾರಿನ ಪುಡಿಯನ್ನು ಸರಿಯಾಗಿ ಜಾಡಿಸದೆ ಹೊಸೆದ ಹುರಿಗೆ ತೂಕ ಬರುತ್ತದೆ, ಬಲ ಬರುವುದಿಲ್ಲ.

ತೇವದ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮಾರುಕಟ್ಟೆಯಲ್ಲಿ ಚದರ ಮೀಟರಿಗೆ 400, 700 ಮತ್ತು 900 ಗ್ರಾಂ ತೂಕದ ಬಟ್ಟೆಗಳು ರೂಢಿಯಲ್ಲಿವೆ. 2 ಮೀಟರ್ ಅಗಲ, 50 ಮೀಟರ್ ಉದ್ದದ ಸುರುಳಿ ಕ್ರಮವಾಗಿ 40, 70 ಮತ್ತು 90 ಕಿ.ಗ್ರಾಂ. ತೂಗಬೇಕು. ಪ್ರಯೋಗಾಲಯದಲ್ಲಿ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 65 ಸಾಪೇಕ್ಷ ಆರ್ದ್ರತೆಗೆ ಹೊಂದಿಸಿಯೇ ತೂಗುತ್ತಾರೆ. ಜುಲೈ ತಿಂಗಳಲ್ಲಿ ಬೆಳ್ತಂಗಡಿಯ ಗಾಳಿಯಲ್ಲಿ ಸರಿಯಾಗಿ 70 ಕಿ.ಗ್ರಾಂ. ತೂಗಿದ ಸುರುಳಿ ಆ ಪರೀಕ್ಷೆಯಲ್ಲಿ ಕಡಿಮೆ ಬೀಳುವುದು ಬಹುತೇಕ ಖಚಿತ. ಆದ್ದರಿಂದ ಖರೀದಿಯನ್ನು ಮಾರ್ಚ್-ಏಪ್ರಿಲ್‌ನಲ್ಲಿ ಮುಗಿಸುವುದು ಲೇಸು. ಇಳಿಜಾರಿಗೆ ಹಾಸುವ ಕೆಲಸವೂ ಮಳೆಗೆ ಮುನ್ನವೇ ಆಗಬೇಕಷ್ಟೆ.

ಸಿಪ್ಪೆಯ ಲೆಕ್ಕ

2020ರ ಮೇ ತಿಂಗಳಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತದ ರಸ್ತೆಗಳಿಗೆ ಕಾಯರ್ ಭೂವಸ್ತ್ರವನ್ನು ಅಂಗೀಕರಿಸಲಾಯಿತು. ಆಗ ಏಳು ರಾಜ್ಯಗಳ 1,674 ಕಿ.ಮೀ. ರಸ್ತೆಗೆ ಒಂದು ಕೋಟಿ ಚದರ ಮೀಟರ್ ಬಟ್ಟೆ, ಸುಮಾರು 70 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು. ಆ ಪಟ್ಟಿಯಲ್ಲಿ ಕೇರಳ, ತಮಿಳುನಾಡು, ಆಂಧ್ರಪ್ರದೇಶಗಳಿದ್ದವು, ಕರ್ನಾಟಕ ಇರಲಿಲ್ಲ. ಹೀಗಾಗಿ ನಮ್ಮಲ್ಲಿ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಈ ಬಾಬ್ತು ಸೇರಿದೆಯೇ ಎಂಬುದನ್ನು ನೋಡಿಯೇ ಮುಂದುವರಿಯಬೇಕು.

ಆ ಅಂದಾಜಿನಂತೆ ಒಂದು ಕಿ.ಮೀ. ರಸ್ತೆಗೆ ಸುಮಾರು 6,000 ಚದರ ಮೀಟರ್, ಅಂದರೆ 900 ಗ್ರಾಂ ಬಟ್ಟೆಯಾದರೆ 5.4 ಟನ್ ನಾರು ಬೇಕು. ಸಾವಿರ ಸಿಪ್ಪೆಗೆ ಸುಮಾರು 80 ಕಿ.ಗ್ರಾಂ. ನಾರು ಎಂದು ಹಿಡಿದರೆ 67,500 ಸಿಪ್ಪೆ. ಮರಕ್ಕೆ ವರ್ಷಕ್ಕೆ 100 ಕಾಯಿಯಂತೆ 675 ಮರಗಳ ಇಡೀ ವರ್ಷದ ಸಿಪ್ಪೆ. ಅಡಿಕೆಯ ನಡುವೆ ತೆಂಗು ಬೆಳೆಯುವ ಒಬ್ಬ ರೈತನಿಂದ ಇದು ಆಗದು. ನಮ್ಮ ಅಭಿಪ್ರಾಯದಲ್ಲಿ ರೈತ ಉತ್ಪಾದಕ ಸಂಸ್ಥೆಗಳು ಮೊದಲಿಗೆ ಮಗ್ಗಕ್ಕೆ ಹಣ ಹೂಡದೆ, ಪರವಾನಗಿ ಹೊಂದಿದ ತಯಾರಕರಿಗೆ ವಿಂಗಡಿಸಿದ ಒಣ ನಾರನ್ನು ಪೂರೈಸುವುದು ಸೂಕ್ತ. ತಾಂತ್ರಿಕ ಸಲಹೆಗೆ ಕಾಯರ್ ಬೋರ್ಡ್‌ನ ಬೆಂಗಳೂರಿನ ಕೇಂದ್ರ ಕಾಯರ್ ತಂತ್ರಜ್ಞಾನ ಸಂಸ್ಥೆಯನ್ನು ಸಂಪರ್ಕಿಸಬಹುದು. ತೋಟದ ತೇವ ಕಾಯಲು ಮರದ ಬುಡಕ್ಕೆ ಸಿಪ್ಪೆ ಹೂಳುವವರು ಅದನ್ನು ನಿಲ್ಲಿಸಿ ಮಾರಬೇಕಾಗಿಲ್ಲ.

ಅಡಿಕೆ ಸಿಪ್ಪೆಯ ನಾರನ್ನು ಬಳಸಬಹುದೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಐಎಸ್ 15868 ಸೆಣಬು ಮತ್ತು ತೆಂಗಿನ ನಾರಿನ ಬಟ್ಟೆಗಳಿಗೆ, ಐಎಸ್ 15869 ತೆಂಗಿನ ನಾರಿಗೆ ಮಾತ್ರ ಅನ್ವಯಿಸುತ್ತವೆ. ಅಡಿಕೆ ನಾರು ಬೆರೆತ ಬಟ್ಟೆಯನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ.

ವಿಸ್ತರಣಾ ಕಾರ್ಯಕರ್ತರು ಮಾದರಿ ತೆಗೆಯುವಾಗ ಸುರುಳಿಯ ಹೊರಸುತ್ತುಗಳನ್ನು ಬಿಟ್ಟು, ಒಳಭಾಗದಿಂದ ಬಟ್ಟೆಯ ಪೂರ್ಣ ಅಗಲಕ್ಕೆ ಕತ್ತರಿಸಬೇಕು. ಸುರುಳಿಯ ಸಂಖ್ಯೆ, ಸಿಎಂ/ಎಲ್ ಸಂಖ್ಯೆ, ತೆಗೆದ ದಿನಾಂಕ ಮತ್ತು ಆ ದಿನ ಮಳೆಯಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದು ಮಾದರಿಗೆ ಕಟ್ಟಬೇಕು.