ಕಬ್ಬಿಣ ಸೆಲೆನೈಡ್: ಒಂದು ತೆಳು ಪದರದ ಇತಿಹಾಸ

ಪವಿತ್ರ ಕುರ್‌ಆನಿನ 57ನೇ ಅಧ್ಯಾಯದ ಹೆಸರು 'ಅಲ್ ಹದೀದ್', ಅಂದರೆ ಕಬ್ಬಿಣ. ಮನುಷ್ಯ ಸಾವಿರಾರು ವರ್ಷಗಳಿಂದ ಬಳಸುತ್ತಾ ಬಂದಿರುವ ಈ ಲೋಹದಲ್ಲಿ ಹೊಸದಾಗಿ ತಿಳಿಯುವುದೇನು ಉಳಿದಿದೆ ಎಂದು ನಿಮಗೆ ಅನಿಸಬಹುದು. ಅದು ವಿಜ್ಞಾನಿಗಳನ್ನೇ ಅಚ್ಚರಿಗೊಳಿಸಿದ ಕತೆ ತೀರಾ ಇತ್ತೀಚಿನದು.

1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸವನ್ನು 4.2 ಕೆಲ್ವಿನ್‌ವರೆಗೆ, ಅಂದರೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿದಾಗ, ಅದರ ವಿದ್ಯುತ್ ರೋಧ ಇಲ್ಲವಾಯಿತು. ಇದೇ ಅತಿವಾಹಕತೆ. ಕಾಂತಗುಣ ಇದಕ್ಕೆ ಶತ್ರು. ಆದ್ದರಿಂದ ಕಬ್ಬಿಣವಿರುವ ವಸ್ತುಗಳಲ್ಲಿ ಅತಿವಾಹಕತೆಯನ್ನು ಹುಡುಕುವ ಉತ್ಸಾಹ ಹೆಚ್ಚಿನವರಿಗಿರಲಿಲ್ಲ.

2008ರಲ್ಲಿ ಈ ಭಾವನೆ ಮುರಿದುಬಿತ್ತು. ಜಪಾನಿನ ಹಿಡಿಯೊ ಹೊಸೊನೊ ತಂಡ ಕಬ್ಬಿಣ ಮತ್ತು ಆರ್ಸೆನಿಕ್ ಇರುವ ಸಂಯುಕ್ತವೊಂದರಲ್ಲಿ 26 ಕೆಲ್ವಿನ್‌ನಲ್ಲಿ ಅತಿವಾಹಕತೆ ಕಂಡಿತು. ಅದೇ ವರ್ಷ ತೈಪೆಯಲ್ಲಿ ವೂ ಮಾವ್-ಕ್ವೆನ್ ತಂಡ ಕಬ್ಬಿಣ ಸೆಲೆನೈಡ್ 8 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ ಎಂದು ತೋರಿಸಿತು. ಇದು ಹೊಸ ವಸ್ತುವಲ್ಲ, ರಸಾಯನಶಾಸ್ತ್ರಜ್ಞರಿಗೆ ಬಹುಕಾಲದಿಂದ ಗೊತ್ತಿದ್ದ ಎರಡೇ ಮೂಲವಸ್ತುಗಳ ಸರಳ ಸಂಯುಕ್ತ. 2009ರಲ್ಲಿ ಇದನ್ನೇ ಭಾರೀ ಒತ್ತಡಕ್ಕೆ ಒಳಪಡಿಸಿದಾಗ ಉಷ್ಣಾಂಶ ಸುಮಾರು 37 ಕೆಲ್ವಿನ್‌ಗೆ ಏರಿತು.

ಮುಂದಿನ ಹೆಜ್ಜೆ ಬೀಜಿಂಗ್‌ನ ಛಿಂಗ್‌ಹ್ವಾ ವಿಶ್ವವಿದ್ಯಾಲಯದಲ್ಲಿ ಶ್ಯುಎ ಚಿಕುನ್ ತಂಡದ್ದು. (ಈತ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿ ಮೂರನೆಯ ಸಲ ತೇರ್ಗಡೆಯಾದವರು, ನಮ್ಮ ವಿದ್ಯಾರ್ಥಿಗಳಿಗೆ ಇದು ತಿಳಿದಿರಲಿ.) ಅವರ ವಿಧಾನ ಹೀಗಿತ್ತು. ಗಾಳಿಯನ್ನೆಲ್ಲ ಹೊರತೆಗೆದ ಉಕ್ಕಿನ ಕೋಣೆ. ಅದರೊಳಗೆ ಎರಡು ಪುಟ್ಟ ಕುಲುಮೆಗಳು, ಒಂದರಲ್ಲಿ ಕಬ್ಬಿಣ, ಇನ್ನೊಂದರಲ್ಲಿ ಸೆಲೆನಿಯಂ. ಎರಡೂ ಆವಿಯಾಗಿ ಎದುರಿನ ಬಿಸಿ ಹರಳಿನ ಮೇಲೆ ಪರಮಾಣು ಪರಮಾಣುವಾಗಿ ಕೂರುತ್ತವೆ. ಹರಳು ಸುಮಾರು 450 ಡಿಗ್ರಿಯಷ್ಟು ಕಾದಿರುವುದರಿಂದ ಸೆಲೆನಿಯಂ ನಿಲ್ಲದೆ ಮತ್ತೆ ಹಾರಿಹೋಗುತ್ತದೆ. ಅದಕ್ಕಾಗಿ ಅದನ್ನು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಬಿಡುತ್ತಾರೆ. ಬೇಕಾದಷ್ಟು ಸೆಲೆನಿಯಂ ಕಬ್ಬಿಣದೊಡನೆ ಕೂಡಿಕೊಳ್ಳುತ್ತದೆ, ಮಿಕ್ಕಿದ್ದು ತಾನಾಗಿ ಹೊರಟುಹೋಗುತ್ತದೆ.

ಮೊದಲು ಅವರು ಗ್ರಾಫೀನ್ ಮೇಲೆ ಪದರ ಬೆಳೆಸಿದರು. ತೆಳುವಾದಷ್ಟೂ ಅತಿವಾಹಕತೆ ಕುಗ್ಗಿತು. ಎಲ್ಲರ ನಿರೀಕ್ಷೆಯೂ ಅದೇ ಆಗಿತ್ತು. ನಂತರ ಸ್ಟ್ರಾಂಷಿಯಂ ಟೈಟನೇಟ್ ಹರಳಿನ ಮೇಲೆ ಒಂದೇ ಒಂದು ಪದರ, ಸುಮಾರು 0.55 ನ್ಯಾನೋಮೀಟರ್ ದಪ್ಪದ್ದು, ಬೆಳೆಸಿ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅತಿವಾಹಕದ ಎಲೆಕ್ಟ್ರಾನ್ ಜೋಡಿಯನ್ನು ಒಡೆಯಲು ಬೇಕಾದ ಶಕ್ತಿಯ ಅಂತರ ದಪ್ಪ ಹರಳಿನಲ್ಲಿ ಸುಮಾರು 2 ಮಿಲಿ ಎಲೆಕ್ಟ್ರಾನ್ ವೋಲ್ಟ್. ಇಲ್ಲಿ ಕಂಡದ್ದು 20! ಅದರ ಮೇಲೆಯೇ ಎರಡನೆಯ ಪದರ ಬೆಳೆಸಿದರೆ ಆ ಪದರದಲ್ಲಿ ಅತಿವಾಹಕತೆಯ ಗುರುತೇ ಇಲ್ಲ. 2012ರಲ್ಲಿ ಈ ಫಲಿತಾಂಶ ಪ್ರಕಟವಾದಾಗ, ಅತಿವಾಹಕತೆ ದ್ರವ ನೈಟ್ರೋಜನ್‌ನ 77 ಕೆಲ್ವಿನ್ ದಾಟಬಹುದೇ ಎಂಬ ಆಸೆ ಮೂಡಿತು.

ಆದರೆ ಅಂತರ ಕಂಡ ಮಾತ್ರಕ್ಕೆ ಅತಿವಾಹಕತೆ ಸಿದ್ಧವಾಗುವುದಿಲ್ಲ. ರೋಧ ಸೊನ್ನೆಯಾಗಬೇಕು, ವಸ್ತು ಕಾಂತಕ್ಷೇತ್ರವನ್ನು ಹೊರದೂಡಬೇಕು. ನಿಜವಾದ ಪರದಾಟ ಶುರುವಾದದ್ದು ಇಲ್ಲಿಂದ. ಒಂದೇ ಪದರವಾದ್ದರಿಂದ ಗಾಳಿ ತಾಗಿದೊಡನೆ ಅದು ಕೆಡುತ್ತದೆ. 2013ರಲ್ಲಿ ಬೆಳಕಿನಿಂದ ಎಲೆಕ್ಟ್ರಾನ್‌ಗಳನ್ನು ಹೊರಹಾಕಿ ಅಳೆದಾಗ, ಅಂತರ ಸುಮಾರು 65 ಕೆಲ್ವಿನ್‌ವರೆಗೆ ಉಳಿದದ್ದು ಕಂಡಿತು. ಮೇಲೆ ಕಬ್ಬಿಣ ಟೆಲ್ಯುರೈಡ್‌ನ ಹೊದಿಕೆ ಹಾಕಿ ಹೊರತಂದು ರೋಧ ಅಳೆದವರಿಗೆ 2014ರಲ್ಲಿ ಸಿಕ್ಕಿದ್ದು 40 ಕೆಲ್ವಿನ್‌ಗೆ ಸ್ವಲ್ಪ ಮೇಲೆ ಆರಂಭವಾಗುವ ಇಳಿತ. ರೋಧ ಪೂರ್ತಿ ಸೊನ್ನೆಯಾದದ್ದು ಇನ್ನೂ ಕೆಳಗೆ, 23 ಕೆಲ್ವಿನ್‌ನ ಆಸುಪಾಸಿನಲ್ಲಿ. ಹೊದಿಕೆಯೇ ಪದರವನ್ನು ಬದಲಿಸಿತೇ ಎಂಬ ಪ್ರಶ್ನೆ ಎದ್ದಿತು. ಶಾಂಘೈನ ತಂಡವೊಂದು ಪದರವನ್ನು ನಿರ್ವಾತದಲ್ಲಿಯೇ ಇಟ್ಟು ನಾಲ್ಕು ಸೂಜಿಗಳಿಂದ ಅಳೆದು, 100 ಕೆಲ್ವಿನ್‌ಗಿಂತ ಮೇಲೆ ಅತಿವಾಹಕತೆ ಕಂಡಿದ್ದೇವೆ ಎಂದು 2015ರಲ್ಲಿ ವರದಿ ಮಾಡಿತು. ಆ ಅಂಕಿಯನ್ನು ಸರ್ವಸಮ್ಮತ ಎನ್ನುವಂತಿಲ್ಲ, ಇತರ ಪ್ರಯೋಗಾಲಯಗಳ ಅಳತೆಗಳು ಅದಕ್ಕಿಂತ ಬಹಳ ಕೆಳಗೇ ನಿಂತಿವೆ.

ಕೆಳಗಿನ ಹರಳು ಪದರಕ್ಕೆ ಎಲೆಕ್ಟ್ರಾನ್‌ಗಳನ್ನು ಕೊಡುತ್ತದೆ ಎಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಹರಳಿನ ಪರಮಾಣುಗಳ ಕಂಪನವೂ ಎಲೆಕ್ಟ್ರಾನ್‌ಗಳನ್ನು ಜೋಡಿಗೂಡಿಸಲು ನೆರವಾಗುತ್ತದೆಯೇ, ಆಗುವುದಾದರೆ ಎಷ್ಟು, ಎಂಬ ಚರ್ಚೆ ಮಾತ್ರ ಮುಗಿದಿಲ್ಲ.